ಡಬ್ಬಿ ಡಬ್ಬಿ ಮೆಸೇಜು

ಹೊರಗಿನಿಂದ ನೋಡಿದರೆ ಎಲ್ಲ ಯುಎಸ್‌ಬಿ ಕೇಬಲ್ಲುಗಳೂ ಒಂದೇ ಥರ. ವ್ಯತ್ಯಾಸ ಇರುವುದು ಒಳಗೆ. ಸರಿಯಾದ ಕೇಬಲ್ಲಿನಲ್ಲಿ ನಾಲ್ಕು ತಂತಿ ಇರುತ್ತವೆ: ಕೆಂಪು, ಕಪ್ಪು, ಬಿಳಿ, ಹಸಿರು. ಕೆಂಪು–ಕಪ್ಪಿನಲ್ಲಿ ಕರೆಂಟು ಹೋಗುತ್ತದೆ, ಬಿಳಿ–ಹಸಿರಿನಲ್ಲಿ ಮಾತು ಹೋಗುತ್ತದೆ. ಬಸ್‌ಸ್ಟ್ಯಾಂಡಿನ ಪಕ್ಕ ಅಗ್ಗಕ್ಕೆ ಸಿಗುವ ಎಷ್ಟೋ ಕೇಬಲ್ಲುಗಳಲ್ಲಿ ಬಿಳಿ–ಹಸಿರು ತಂತಿಗಳನ್ನು ಹಾಕಿಯೇ ಇರುವುದಿಲ್ಲ. ಫೋನು ಚಾರ್ಜ್ ಆಗುತ್ತದೆ, ಬ್ಯಾಟರಿಯ ಚಿತ್ರ ಏರುತ್ತಾ ಇಳಿಯುತ್ತಾ ಇರುತ್ತದೆ, ಆದರೆ ಕಂಪ್ಯೂಟರಿಗೆ ಮಾತ್ರ ಫೋನೊಂದು ಬಂದು ಸೇರಿದ ಸುಳಿವೇ ಸಿಗುವುದಿಲ್ಲ. ನನಗೆ ಇದು ನಿಜವಾಗಿ ಸಿಟ್ಟು ತರಿಸುವ ಸಂಗತಿ. ಎರಡು ತಂತಿಯದು, ನಾಲ್ಕು ತಂತಿಯದು ಎಂದು ಪ್ಯಾಕೆಟ್ಟಿನ ಮೇಲೆ ಬರೆದಿದ್ದರೆ ಸಾಕಿತ್ತು. ಎಷ್ಟು ಜನ ತಮ್ಮ ಫೋನೇ ಹಾಳಾಗಿದೆ ಎಂದುಕೊಂಡು ಅದರೊಳಗಿದ್ದ ಫೋಟೋ, ನಂಬರುಗಳ ಆಸೆ ಬಿಟ್ಟಿರಬಹುದು!

ಹಾಗಾಗಿ ಕೈಗೆ ಬಂದ ಯಾವುದೇ ಕೇಬಲ್ಲನ್ನು ನಾನು ಮೊದಲು ಲಿನಕ್ಸ್ ಕಂಪ್ಯೂಟರಿಗೆ ಚುಚ್ಚಿ ನೋಡುತ್ತೇನೆ. ಟರ್ಮಿನಲ್ ತೆರೆದು, ಒಳಗೆ ಏನೇನು ನಡೆಯುತ್ತಿದೆ ಎಂದು ಕರ್ನಲ್ ಬರೆದುಕೊಳ್ಳುವ ಲಾಗನ್ನು ಓಡಲು ಬಿಡುತ್ತೇನೆ. ತಂತಿ ನಾಲ್ಕೂ ಇದ್ದರೆ ಕ್ಷಣದಲ್ಲಿ ಸಾಲುಗಳು ಇಳಿಯತೊಡಗುತ್ತವೆ. ಹೊಸ ಯುಎಸ್‌ಬಿ ಸಾಧನ ಸಿಕ್ಕಿದೆ, ತಯಾರಕರ ಸಂಖ್ಯೆ ಇಷ್ಟು, ಮಾದರಿಯ ಸಂಖ್ಯೆ ಇಷ್ಟು, ಹೆಸರು ಇಂಥದ್ದು. ಕೊನೆಗೆ ‘ಟಿಟಿವೈಎಸಿಎಂ0’ ಎಂಬ ಹೆಸರು ಬಂತೆಂದರೆ ಫೋನು ಮಾಡೆಮ್ ಆಗಿ ಸೇರಿಕೊಂಡಿದೆ, ಇನ್ನು ಅದರ ಜೊತೆ ಮಾತಾಡಬಹುದು. ಈ ಸಾಲುಗಳನ್ನು ನೋಡುವ ಖುಷಿ ನನಗೆ ಇಷ್ಟು ವರ್ಷವಾದರೂ ಕಡಿಮೆಯಾಗಿಲ್ಲ. ಕಂಪ್ಯೂಟರ್ ತನಗೆ ಗೊತ್ತಾದದ್ದನ್ನೆಲ್ಲ ಮುಚ್ಚುಮರೆಯಿಲ್ಲದೆ ಹೇಳುತ್ತಿದೆ ಎಂಬ ಭರವಸೆ ಅದರಲ್ಲಿದೆ.

ನನ್ನ ಮನೆಗೆ ಲಿನಕ್ಸ್ ಬಂದದ್ದು ಅಂಚೆಯಲ್ಲಿ. ಉಬುಂಟುವಿನವರು 2011ರವರೆಗೂ ಕೇಳಿದವರಿಗೆಲ್ಲ ಸಿಡಿಗಳನ್ನು ಪುಕ್ಕಟೆಯಾಗಿ ಕಳಿಸುತ್ತಿದ್ದರು, ಅಂಚೆ ಖರ್ಚೂ ಅವರದ್ದೇ. ಶಿವಮೊಗ್ಗದ ನಮ್ಮ ಬಾಡಿಗೆ ಮನೆಗೆ ವಿದೇಶದ ಮುದ್ರೆಯ ಲಕೋಟೆ ಬಂದಾಗ ಅಂಚೆಯವರು ಅದನ್ನು ಎರಡೆರಡು ಸಲ ತಿರುಗಿಸಿ ನೋಡಿ ಕೊಟ್ಟಿದ್ದರು. ಸಿಡಿ ಬಂತು, ಇಂಟರ್ನೆಟ್ ಇರಲಿಲ್ಲ. ಆ ಕಾಲಕ್ಕೆ ನಮ್ಮಂಥವರಿಗೆ ಇಂಟರ್ನೆಟ್ ಎಂದರೆ ಫೋನಿಗೆ ಕೇಬಲ್ ಹಾಕಿ, ಅದನ್ನೇ ಮಾಡೆಮ್ ಮಾಡಿಕೊಂಡು, ಸ್ಟಾರ್ 99 ಹ್ಯಾಶ್ ಎಂದು ಡಯಲ್ ಮಾಡಿಸಿ ಜಿಪಿಆರ್‌ಎಸ್ ಹಿಡಿಯುವುದು. ತೀರ್ಥಹಳ್ಳಿ ಕಡೆಯ ಸೋದರಮಾವನ ಮನೆಗೆ ಹೋದರೆ ಅದೂ ಸುಲಭವಿರಲಿಲ್ಲ. ಅಲ್ಲಿ ಸಿಗ್ನಲ್ ಸಿಗುತ್ತಿದ್ದದ್ದು ಉಪ್ಪರಿಗೆಯ ಒಂದು ಕಿಟಕಿಯಲ್ಲಿ ಮಾತ್ರ. ಯುಎಸ್‌ಬಿ ಕೇಬಲ್ಲಿನ ಉದ್ದ ಐದು ಮೀಟರ್ ದಾಟಬಾರದು ಎಂಬ ನಿಯಮವಿದೆ, ದಾಟಿದರೆ ಮಾತು ಕೆಡುತ್ತದೆ. ಹಾಗಾಗಿ ಫೋನು ಕಿಟಕಿಯ ದಂಡೆಯ ಮೇಲೆ, ಲ್ಯಾಪ್‌ಟಾಪು ಅಡಿಕೆ ಮೂಟೆಯ ಮೇಲೆ, ನಡುವೆ ತಂತಿ. ಮಾವ ಹತ್ತಿ ಬಂದು, “ಇದೆಂಥದೋ ಮಾರಾಯ, ಕರೆಂಟು ಕದಿಯೋರ ಹಂಗೆ ತಂತಿ ಎಳ್ಕೊಂಡು ಕೂತಿದೀಯ” ಎಂದು ಪಕ್ಕದಲ್ಲಿ ಕೂರುತ್ತಿದ್ದರು. ಒಂದು ಪುಟ ತೆರೆದುಕೊಳ್ಳುವಷ್ಟರಲ್ಲಿ ಒಂದು ಕವಳ ಹಾಕಿ ಮುಗಿಸುತ್ತಿದ್ದರು.

ಇತ್ತೀಚೆಗೆ ಊರಿಗೆ ಹೋದಾಗ ಅದೇ ಮಾವ ತಮ್ಮ ಹಳೆಯ ಗುಂಡಿ ಫೋನನ್ನು ಪಂಚೆಯ ಅಂಚಿನಲ್ಲಿ ಒರೆಸಿ ನನ್ನ ಕೈಗಿಟ್ಟರು. ಮಗ ಕೊಡಿಸಿದ ಟಚ್ ಫೋನು ಡಬ್ಬದಲ್ಲೇ ಇತ್ತು. ಮಂಡಿಯವರಿಗೂ ಕೊನೆಗಾರರಿಗೂ ಗೊತ್ತಿದ್ದದ್ದು ಹಳೆಯ ನಂಬರು, ಆ ಸಿಮ್ಮು ಇದ್ದದ್ದು ಹಳೆಯ ಫೋನಿನಲ್ಲಿ. ಅದರ ಐದನೆಯ ಗುಂಡಿ ಒತ್ತಿದರೆ ಕೇಳುತ್ತಿರಲಿಲ್ಲ, ಪರದೆಯ ಬೆಳಕು ಒಂದು ಮೂಲೆಯಲ್ಲಿ ಆರಿತ್ತು.

“ಇದ್ರಲ್ಲಿ ನನ್ನ ಮಳೆ ಲೆಕ್ಕ ಇದೆ. ಫೋನು ಸಾಯೋದ್ರೊಳಗೆ ಹೊರಗೆ ತೆಗ್ದು ಕೊಡ್ತೀಯ?”

ನನಗೆ ಗೊತ್ತೇ ಇರಲಿಲ್ಲ. ಮಾವ ವರ್ಷಗಟ್ಟಲೆ ಮಳೆಯ ಲೆಕ್ಕವನ್ನು ಫೋನಿನಲ್ಲಿ ಬರೆದಿಟ್ಟಿದ್ದರು. ಅಂಗಳದ ಮಾಪಕದಲ್ಲಿ ನೋಡಿ ಬಂದ ಇಂಚುಗಳನ್ನು ಹೊಸ ಮೆಸೇಜಿನಲ್ಲಿ ಟೈಪ್ ಮಾಡುವುದು, ಯಾರಿಗೂ ಕಳಿಸದೆ ಡ್ರಾಫ್ಟಿನಲ್ಲಿ ಉಳಿಸುವುದು. ಕನ್ನಡವನ್ನು ಇಂಗ್ಲಿಷ್ ಅಕ್ಷರದಲ್ಲಿ ಬರೆದದ್ದು, ಕಂಪನಿ ಕೊಟ್ಟ ಸೌಲಭ್ಯ ಅಷ್ಟೇ. ಆರಿದ್ರೆ ಇಷ್ಟು, ಪುನರ್ವಸು ಇಷ್ಟು, ಪುಷ್ಯ ಇಷ್ಟು. ಜೊತೆಗೆ ಕೊಳೆರೋಗಕ್ಕೆ ಬೋರ್ಡೋ ಹೊಡೆಸಿದ ದಿನ, ಎರಡನೇ ಸಲ ಹೊಡೆಸಿದ ದಿನ, ಶಿವಮೊಗ್ಗ ಮಂಡಿಯ ರಾಶಿ, ಬೆಟ್ಟೆ, ಸರಕು ಅಡಿಕೆಯ ಧಾರಣೆ. ನೂರು ಲೀಟರು ನೀರಿಗೆ ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ ಎಂಬ ಲೆಕ್ಕ ಮಾವನಿಗೆ ಬಾಯಿಪಾಠ, ಅದನ್ನು ಬರೆದುಕೊಂಡಿರಲಿಲ್ಲ. ಬರೆದುಕೊಂಡದ್ದು ನೆನಪಿನಿಂದ ಜಾರುವಂಥದ್ದನ್ನು: ಯಾವ ವರ್ಷ ಮಳೆ ಬಿಡುವು ಕೊಡದೆ ಔಷಧಿ ತಡವಾಯಿತು, ಆ ವರ್ಷ ಎಷ್ಟು ಕಾಯಿ ಉದುರಿತು. ತೋಟ ಮಾಡುವವರಿಗೆ ಇದಕ್ಕಿಂತ ಬೆಲೆಯ ದಾಖಲೆ ಇನ್ನೊಂದಿಲ್ಲ. ಹವಾಮಾನ ಇಲಾಖೆಯ ಲೆಕ್ಕ ಊರಿನದು, ಮಾವನ ಲೆಕ್ಕ ಅವರ ತೋಟದ್ದು.

ಆ ಫೋನಿನ ಕಡೆ ಚುಚ್ಚುವ ಕೇಬಲ್ಲಿನ ತುದಿ ಯುಎಸ್‌ಬಿ ಮೂತಿಯದಲ್ಲ. ಆಗ ಒಂದೊಂದು ಕಂಪನಿಯ ಫೋನಿಗೆ ಒಂದೊಂದು ಆಕಾರದ ಮೂತಿ. ಬೆಂಗಳೂರಿಗೆ ಫೋನನ್ನು ತಂದು ಎಸ್‌ಪಿ ರೋಡಿನ ಸಣ್ಣ ಸಣ್ಣ ಮಳಿಗೆಗಳನ್ನು ಅಲೆದೆ. ಒಬ್ಬರು ಹಿರಿಯರು ಫೋನಿನ ತಳವನ್ನು ಹೆಬ್ಬೆರಳಿನಿಂದ ಒಮ್ಮೆ ಸವರಿ, ಏನೂ ಕೇಳದೆ, ಏಣಿ ಹತ್ತಿ ಮೇಲಿನ ಗೂಡಿನಿಂದ ಒಂದು ಕೇಬಲ್ ಇಳಿಸಿದರು. ನಾಲ್ಕು ತಂತಿ ಇದೆಯಾ ಎಂದು ಕೇಳಿದೆ. “ಇದು ಚಾರ್ಜಿಂಗ್‌ದಲ್ಲ ಸರ್, ಡೇಟಾದ್ದೇ. ಆಗಿನ ಮಾಲು” ಎಂದರು. ಆ ರಸ್ತೆಯಲ್ಲಿ ಇಂಥವರು ಇನ್ನೂ ಇದ್ದಾರೆ ಎಂಬುದು ನನಗೆ ಈ ಊರಿನ ಬಗ್ಗೆ ಪ್ರೀತಿ ಹುಟ್ಟಿಸುವ ಕಾರಣಗಳಲ್ಲಿ ಒಂದು.

ಮುಂದಿನ ರಜೆಗೆ ಫೋನು, ಕೇಬಲ್, ಲ್ಯಾಪ್‌ಟಾಪು ಮೂರನ್ನೂ ಹೊತ್ತು ಊರಿಗೆ ಹೋದೆ. ಮಾವನ ಎದುರೇ ತೆಗೆಯಬೇಕು ಎಂಬುದು ನನ್ನ ಆಸೆ. ಅದೇ ಉಪ್ಪರಿಗೆಯಲ್ಲಿ ಕೂತು ಕೇಬಲ್ ಚುಚ್ಚಿದ ಕೂಡಲೆ ಫೋನು ಕೇಳಿತು: ಫೈಲ್ ವರ್ಗಾವಣೆಯೋ, ಫೋನ್ ಮೋಡೋ? ಮೊದಲನೆಯದನ್ನು ಒತ್ತಿದರೆ ಮೆಮೊರಿ ಕಾರ್ಡಿನ ಫೋಟೋ, ಹಾಡು ಅಷ್ಟೇ ಕಾಣುತ್ತವೆ. ಮೆಸೇಜು, ನಂಬರುಗಳು ಬೇಕೆಂದರೆ ಫೋನ್ ಮೋಡ್ ಒತ್ತಬೇಕು. ಆಗ ಫೋನು ಮಾಡೆಮ್ ಆಗುತ್ತದೆ. ಆ ಮಾಡೆಮ್ ಮುಟ್ಟಲು ಲಿನಕ್ಸಿನಲ್ಲಿ ನಮ್ಮ ಹೆಸರು ‘ಡಯಲೌಟ್’ ಎಂಬ ಗುಂಪಿನಲ್ಲಿರಬೇಕು. ದೂರವಾಣಿ ತಂತಿಯ ಮೇಲೆ ಡಯಲ್ ಮಾಡಿ ಹೊರಗೆ ಹೋಗುತ್ತಿದ್ದ ಕಾಲದ ಗುಂಪು ಅದು, ಡೆಬಿಯನ್ ಮತ್ತು ಉಬುಂಟುಗಳಲ್ಲಿ ಇವತ್ತಿಗೂ ಇದೆ. ಇನ್ನೊಂದು ಕಿರಿಕಿರಿ ಏನೆಂದರೆ, ಮಾಡೆಮ್ ಕಂಡ ತಕ್ಷಣ ‘ಮಾಡೆಮ್ ಮ್ಯಾನೇಜರ್’ ಎಂಬ ಸೇವೆ ಓಡಿ ಬಂದು ಅದನ್ನು ತನ್ನ ವಶಕ್ಕೆ ತೆಗೆದುಕೊಳ್ಳುತ್ತದೆ. ಅದನ್ನು ನಿಲ್ಲಿಸಿ ನಮ್ಮ ಕೆಲಸ ಶುರುಮಾಡಬೇಕು.

ಮಾಡೆಮ್ ಜೊತೆ ಮಾತಾಡುವ ‘ಮಿನಿಕಾಮ್’ ಎಂಬ ತಂತ್ರಾಂಶ ತೆರೆದು ಎರಡು ಅಕ್ಷರ ಒತ್ತಿದೆ: ಎಟಿ. ಎಂಟರ್. ಕೆಳಗಿನ ಸಾಲಿನಲ್ಲಿ ಫೋನು ಉತ್ತರ ಕೊಟ್ಟಿತು: ಓಕೆ.

“ಮಾತಾಡ್ತು!” ಎಂದರು ಮಾವ.

ಆ ಎರಡಕ್ಷರದ ಪದ್ಧತಿ 1981ರಲ್ಲಿ ಅಮೆರಿಕದ ಹೇಯ್ಸ್ ಕಂಪನಿ ತಂದ ಸ್ಮಾರ್ಟ್‌ಮಾಡೆಮಿನದು. ಸೆಕೆಂಡಿಗೆ 300 ಬಿಟ್ ಸಾಗಿಸುತ್ತಿದ್ದ ಪೆಟ್ಟಿಗೆ. ‘ಇತ್ತ ಗಮನ ಕೊಡು’ ಎಂದು ಕರೆಯಲು ಎಟಿ, ಆಮೇಲೆ ಕೆಲಸ ಹೇಳುವುದು. ಮುಂದೆ ಜಿಎಸ್‌ಎಂ ಫೋನುಗಳ ನಿಯಮ ಬರೆದವರು ಇದನ್ನೇ ಬೆಳೆಸಿ, ಮೆಸೇಜು ಓದುವುದಕ್ಕೆ ಇಂಥ ಕಮಾಂಡು, ನಂಬರು ಓದುವುದಕ್ಕೆ ಇಂಥದ್ದು ಎಂದು ಸೇರಿಸಿದರು. ಅದು ಬಹಿರಂಗ ನಿಯಮ, ಯಾರು ಬೇಕಾದರೂ ಓದಿ ಕಲಿಯಬಹುದಾದದ್ದು. ಮಾವನ ಫೋನನ್ನು ತಯಾರಿಸಿದ ಎಂಜಿನಿಯರಿಗೆ ತೀರ್ಥಹಳ್ಳಿಯ ಮಳೆಯ ಲೆಕ್ಕ ಗೊತ್ತಿಲ್ಲ, ನನಗೆ ಆ ಎಂಜಿನಿಯರ್ ಯಾರೆಂದು ಗೊತ್ತಿಲ್ಲ. ಆದರೂ ನಾನು ಕರೆದರೆ ಆ ಫೋನು ಓಗೊಡುತ್ತದೆ.

ಇವತ್ತಿನ ಟಚ್ ಫೋನಿಗೆ ಕೇಬಲ್ ಹಾಕಿದರೆ ಹೀಗೆ ಆಗುವುದಿಲ್ಲ. ಎಂಟಿಪಿ ಎಂಬ ಪದ್ಧತಿಯಲ್ಲಿ ಅದು ಫೋಟೋ, ಹಾಡು, ಫೈಲುಗಳನ್ನು ಕೊಡುತ್ತದೆ, ಲಿನಕ್ಸಿನಲ್ಲಿ ಅದೂ ಈಗ ಚೆನ್ನಾಗಿಯೇ ನಡೆಯುತ್ತದೆ. ಮೆಸೇಜುಗಳು ಮಾತ್ರ ಆ ದಾರಿಯಲ್ಲಿ ಬರುವುದಿಲ್ಲ. ಕಳ್ಳರ ಭಯಕ್ಕೆ ಬಾಗಿಲು ಹಾಕಿದ್ದಾರೆ, ಅದರ ಕಾರಣ ನನಗೆ ಅರ್ಥವಾಗುತ್ತದೆ. ಆದರೆ ಮನೆಯವರಿಗೆ ಒಂದು ಬೀಗದ ಕೈ ಸುಲಭವಾಗಿ ಸಿಗುವಂತೆ ಇಟ್ಟಿರಬೇಕಿತ್ತು ಎಂಬುದು ನನ್ನ ದೃಢವಾದ ಅಭಿಪ್ರಾಯ.

ಎಲ್ಲ ಮೆಸೇಜುಗಳನ್ನೂ ಕೊಡು ಎಂದು ಕಮಾಂಡು ಕೊಟ್ಟೆ. ಪರದೆ ತುಂಬ ಅಂಕಿಗಳು ಇಳಿದವು. ಫೋನು ಮೆಸೇಜನ್ನು ತಾನು ಇಟ್ಟುಕೊಂಡ ರೂಪದಲ್ಲೇ ಕೊಡುತ್ತದೆ. ಮೊದಲು ಸರಣಿ ಸಂಖ್ಯೆ, ಆಮೇಲೆ ಒಂದು ಸ್ಥಿತಿಯ ಅಂಕಿ. 0 ಎಂದರೆ ಬಂದಿದೆ, ಓದಿಲ್ಲ. 1 ಎಂದರೆ ಬಂದಿದೆ, ಓದಿದೆ. 2 ಎಂದರೆ ಬರೆದಿಟ್ಟಿದೆ, ಕಳಿಸಿಲ್ಲ. ಮಾವನ ಮಳೆಯೆಲ್ಲ ಎರಡರ ಗುಂಪಿನಲ್ಲಿತ್ತು, ಒಂದೂ ಕಳೆದಿರಲಿಲ್ಲ. ಬಂದ ಮೆಸೇಜುಗಳಲ್ಲಿ ಕಳಿಸಿದವರ ನಂಬರಿನ ಅಂಕಿಗಳು ಜೋಡಿ ಜೋಡಿಯಾಗಿ ತಿರುಗುಮುರುಗಾಗಿರುತ್ತವೆ. 9448 ಎಂದು ಶುರುವಾಗುವ ನಂಬರು 4984 ಎಂದು ಕಾಣುತ್ತದೆ. ಮಾವ ಕನ್ನಡಕ ಏರಿಸಿಕೊಂಡು ಒಂದು ಸಾಲನ್ನು ಬೆರಳಿನಿಂದ ತಿರುಗಿಸಿ ಓದಿ, “ಇದು ಮಂಡಿಯೋರ ನಂಬರು” ಎಂದು ತಾವೇ ಪತ್ತೆಹಚ್ಚಿದರು.

ಆಗಲೇ ಅವರು ಆ ಮಾತು ತೆಗೆದದ್ದು. “ಇದ್ರಲ್ಲಿ ನಮ್ಮ ಹುಡುಗಿದು ಕೆಲವು ಮೆಸೇಜು ಇದಾವೆ. ಬರೀ ಡಬ್ಬಿ ಡಬ್ಬಿ. ನೆಟ್‌ವರ್ಕ್ ಸರಿ ಇರ್ಲಿಲ್ವೇನೋ. ಅವಳ ಹೆಸ್ರು ಇತ್ತಲ್ಲ ಅಂತ ಅಳಿಸ್ಲಿಲ್ಲ.”

ಹುಡುಗಿ ಎಂದರೆ ಮಗಳ ಮಗಳು. ಮಂಗಳೂರಿನಲ್ಲಿ ಹಾಸ್ಟೆಲಿನಲ್ಲಿದ್ದು ಓದುತ್ತಿದ್ದಾಗ ಅವಳಿಗೆ ಕನ್ನಡ ಕೀಬೋರ್ಡಿನ ಹೊಸ ಫೋನು ಬಂದಿತ್ತು. ಆ ಸಂಭ್ರಮಕ್ಕೆ ಅಜ್ಜನಿಗೆ ಕನ್ನಡದಲ್ಲೇ ಬರೆದು ಕಳಿಸಿದ್ದಾಳೆ. ಅಜ್ಜನ ಫೋನಿಗೆ ಕನ್ನಡ ಬರುತ್ತಿರಲಿಲ್ಲ. ಅಕ್ಷರ ಇರಬೇಕಾದ ಕಡೆಯೆಲ್ಲ ಪುಟ್ಟ ಚೌಕಗಳು. ಅಜ್ಜ ಮರುದಿನ ಫೋನ್ ಮಾಡಿದಾಗ ಅವಳು ಬಾಯಲ್ಲೇ ವಿಷಯ ಹೇಳಿದ್ದಾಳೆ, ಮೆಸೇಜಿನ ಮಾತು ಇಬ್ಬರಿಗೂ ಮರೆತಿದೆ.

ಅವಳ ನಂಬರಿನ ಸಾಲು ಹುಡುಕಿದೆ. ಸ್ಥಿತಿಯ ಅಂಕಿ 1, ಎಂದರೆ ಓದಿದ್ದು. ಒಳಗೆ ಒಂದು ಕಡೆ 08 ಎಂಬ ಗುರುತು. ಆ ಗುರುತು ಇದ್ದರೆ ಮೆಸೇಜಿನ ಪ್ರತಿ ಅಕ್ಷರವೂ ಯುನಿಕೋಡ್ ಸಂಖ್ಯೆಯಲ್ಲಿ ಇದೆ ಎಂದು ಲೆಕ್ಕ. ಅದರ ಮುಂದೆ: 0ಸಿ85, 0ಸಿ9ಸಿ, 0ಸಿಸಿಡಿ, 0ಸಿ9ಸಿ. ಹದಿನಾರರ ಲೆಕ್ಕದಲ್ಲಿ ಒಂಬತ್ತಾದ ಮೇಲೆ ಎ, ಬಿ, ಸಿ ಎಂದು ಅಕ್ಷರಗಳನ್ನೂ ಅಂಕಿಯಾಗಿ ಬಳಸುತ್ತಾರೆ. ನನಗೆ ಈ ಸಂಖ್ಯೆಗಳು ಅಷ್ಟಿಷ್ಟು ಪರಿಚಯ. 0ಸಿ85 ಎಂದರೆ ಅ. 0ಸಿ9ಸಿ ಎಂದರೆ ಜ. 0ಸಿಸಿಡಿ ಎಂದರೆ ಒತ್ತಕ್ಷರ ಕೂಡಿಸುವ ಗುರುತು. ಮತ್ತೆ ಜ. ಅಜ್ಜ.

ಕೈ ಕೀಬೋರ್ಡಿನ ಮೇಲೆ ನಿಂತುಬಿಟ್ಟಿತು. ಇಷ್ಟು ವರ್ಷ ಆ ಫೋನು ತಾನು ಬರೆಯಲಾಗದ, ತೋರಿಸಲಾಗದ ಅಕ್ಷರಗಳನ್ನು ಒಂದು ಸೊನ್ನೆಯೂ ಕೆಡದಂತೆ ಇಟ್ಟುಕೊಂಡಿತ್ತು. ಮಿನಿಕಾಮ್ ಮುಚ್ಚಿ ‘ಗಾಮು’ ಎಂಬ ತಂತ್ರಾಂಶದಿಂದ ಅದೇ ಮೆಸೇಜನ್ನು ಓದಿಸಿದೆ. ಟರ್ಮಿನಲ್ಲಿನ ಕಪ್ಪು ಹಿನ್ನೆಲೆಯಲ್ಲಿ ಬಿಳಿಯ ದುಂಡನೆಯ ಕನ್ನಡ ಬಂತು:

ಅಜ್ಜ, ನನ್ನ ಪರೀಕ್ಷೆ ಮುಗೀತು. ಶುಕ್ರವಾರ ಬರ್ತೀನಿ. ಹಲಸಿನ ಹಪ್ಪಳ ಇಟ್ಟಿರು.

ಮಾವ ಒಮ್ಮೆ ಮನಸ್ಸಿನಲ್ಲಿ ಓದಿದರು, ಆಮೇಲೆ ಗಟ್ಟಿಯಾಗಿ ಓದಿದರು, ಆಮೇಲೆ ಅತ್ತೆಯನ್ನು ಕೆಳಗಿನಿಂದ ಕರೆದು ಅವರಿಂದ ಓದಿಸಿದರು. ಅತ್ತೆ ಕೈಯ ಹಿಟ್ಟು ಒರೆಸಿಕೊಳ್ಳುತ್ತಾ, “ಹಪ್ಪಳ ಕೊಟ್ಟಿದ್ವಾ ಆಗ?” ಎಂದು ಚಿಂತೆಗೆ ಬಿದ್ದರು.

ಈ ಮೆಸೇಜಿನಲ್ಲಿ ಖಾಲಿ ಜಾಗ, ಚುಕ್ಕೆ ಎಲ್ಲ ಸೇರಿ 65 ಸಂಖ್ಯೆಗಳಿವೆ. ಮಿತಿ 70. ಒಂದು ಎಸ್ಸೆಮ್ಮೆಸ್ಸಿನಲ್ಲಿ ಹಿಡಿಯುವುದು 140 ಬೈಟ್. ಇಂಗ್ಲಿಷ್ ಅಕ್ಷರಕ್ಕೆ ಏಳೇ ಬಿಟ್ ಸಾಕಾದ್ದರಿಂದ ಅದರಲ್ಲಿ 160 ಅಕ್ಷರ ತುಂಬಬಹುದು. ಕನ್ನಡಕ್ಕೆ ಹದಿನಾರು ಬಿಟ್ ಬೇಕು, 70ಕ್ಕೆ ಮುಗಿಯುತ್ತದೆ. ಅದರಲ್ಲೂ ಗುಣಿತದ ಚಿಹ್ನೆಗೆ ಒಂದು, ಒತ್ತಿಗೆ ಇನ್ನೊಂದು. ‘ಜ್ಜ’ ನಮ್ಮ ಕಣ್ಣಿಗೆ ಒಂದಕ್ಷರ, ಫೋನಿನ ಲೆಕ್ಕದಲ್ಲಿ ಮೂರು. ಅಂಥ ಇಕ್ಕಟ್ಟಿನಲ್ಲಿ ಆ ಹುಡುಗಿ ಪರೀಕ್ಷೆ, ಪ್ರಯಾಣ, ಹಪ್ಪಳ ಮೂರನ್ನೂ ಹೇಳಿದ್ದಾಳೆ. ಕನ್ನಡಕ್ಕೆ ಈ ಸಂಖ್ಯೆಗಳು ಸಿಕ್ಕಿದ್ದು ನಿನ್ನೆ ಮೊನ್ನೆಯಲ್ಲ, 1991ರ ಯುನಿಕೋಡಿನ ಮೊದಲ ಆವೃತ್ತಿಯಲ್ಲೇ. ಭಾರತದ ಲಿಪಿಗಳಿಗೆಂದು 1988ರಲ್ಲಿ ನಮ್ಮವರೇ ಮಾಡಿದ್ದ ಇಸ್ಕಿ ಎಂಬ ಪಟ್ಟಿಯ ಕ್ರಮವನ್ನೇ ಯುನಿಕೋಡಿನವರು ತೆಗೆದುಕೊಂಡರು. ಅದಕ್ಕೇ ಹಿಂದಿಯ ಕ 0915, ತೆಲುಗಿನ ಕ 0ಸಿ15, ಕನ್ನಡದ ಕ 0ಸಿ95. ಎಲ್ಲವೂ ಒಂದೇ ಸಾಲಿನಲ್ಲಿ ಕೂತ ವರ್ಣಮಾಲೆ. ಮಾವನ ಫೋನು ತಯಾರಾಗುವ ಎಷ್ಟೋ ಮೊದಲೇ ಸಂಖ್ಯೆ ಇತ್ತು. ಆ ಸಂಖ್ಯೆಗೆ ಯಾವ ಆಕಾರ ಬರೆಯಬೇಕೆಂಬ ಫಾಂಟ್ ಮಾತ್ರ ಅದರಲ್ಲಿರಲಿಲ್ಲ.

ಇದನ್ನು ಮಾವನಿಗೆ ಹೇಗೆ ವಿವರಿಸಲಿ ಎಂದು ಯೋಚಿಸುತ್ತಿದ್ದಾಗ ಅವರೇ ನನಗೆ ವಿವರಿಸಿದರು. ಅವರ ಮದುವೆಗೆ ಬಂದ ಶುಭಾಶಯದ ತಂತಿಗಳ ಕಥೆ. ತಾರಾಫೀಸಿನಲ್ಲಿ ಶುಭಾಶಯದ ವಾಕ್ಯಗಳ ಒಂದು ಪಟ್ಟಿ ಇರುತ್ತಿತ್ತು, ಪ್ರತಿಯೊಂದಕ್ಕೂ ಒಂದು ನಂಬರು. ಕಳಿಸುವವರು ನಂಬರು ಹೇಳಿದರೆ ಸಾಕು, ತಂತಿಯಲ್ಲಿ ಹೋಗುವುದು ನಂಬರೇ. ಇತ್ತ ಕಡೆ ಕೂತವರು ಪಟ್ಟಿ ನೋಡಿ ಪೂರ್ತಿ ವಾಕ್ಯ ಬರೆದು ಕೊಡುತ್ತಿದ್ದರು. “ಹಂಗೇ ಅಲ್ವ ಇದು? ನಂಬರು ಸರಿಯಾಗೇ ಬಂದಿದೆ. ಈ ಫೋನಿನ ಹತ್ರ ಪಟ್ಟಿ ಇರ್ಲಿಲ್ಲ, ಅಷ್ಟೇ.” ನಾನು ಓದಿದ ಯಾವ ಪುಸ್ತಕದಲ್ಲೂ ಯುನಿಕೋಡನ್ನು ಇಷ್ಟು ಸರಿಯಾಗಿ ಹೇಳಿದ್ದು ನೋಡಿಲ್ಲ. 2013ರ ಜುಲೈಯಲ್ಲಿ ನಮ್ಮ ದೇಶದ ತಂತಿ ಸೇವೆ ನಿಂತಿತು. ಲಿನಕ್ಸಿನಲ್ಲಿ ಮಾವನ ಫೋನಿಗೆ ಸಿಕ್ಕ ಹೆಸರಿನ ಮೊದಲ ಮೂರಕ್ಷರ ಟಿಟಿವೈ, ತಂತಿಯ ಮೇಲೆ ಟೈಪ್ ಮಾಡುತ್ತಿದ್ದ ಟೆಲಿಟೈಪ್ ಯಂತ್ರದ ಗುರುತು, ಅದಿನ್ನೂ ನಿಂತಿಲ್ಲ.

ಗಾಮು ಬಗ್ಗೆ ನಾಲ್ಕು ಮಾತು ಹೇಳದಿದ್ದರೆ ನನಗೆ ಸಮಾಧಾನವಿಲ್ಲ. ಎಲ್ಲ ಫೋನುಗಳೂ ಎಟಿ ಎಂದರೆ ಓಕೆ ಎನ್ನುತ್ತಿರಲಿಲ್ಲ. ನೋಕಿಯಾ ಫೋನುಗಳಿಗೆ ಎಫ್‌ಬಸ್ ಎಂಬ ತಮ್ಮದೇ ಭಾಷೆಯಿತ್ತು. ಕೇಬಲ್ಲಿನಲ್ಲಿ ಹರಿಯುವ ಬೈಟುಗಳನ್ನು ಒಂದೊಂದಾಗಿ ನೋಡಿ, ಇದು ನಂಬರು ಕೇಳುವ ರೀತಿ, ಇದು ಮೆಸೇಜು ಕೇಳುವ ರೀತಿ ಎಂದು ಸ್ವಯಂಸೇವಕರು ಬಿಡಿಸಿದರು. ಆಸ್ಟ್ರೇಲಿಯಾದ ಹ್ಯೂ ಬ್ಲೆಮಿಂಗ್ಸ್, ಚೆಕ್ ದೇಶದ ಪಾವೆಲ್ ಯಾನಿಕ್ ಮೊದಲಾದವರು ‘ನೋಕಿ’ ಎಂಬ ತಂತ್ರಾಂಶ ಶುರುಮಾಡಿದರು. ಅದರ ಬಳುವಳಿಯಲ್ಲಿ ಪೋಲೆಂಡಿನ ಮಾರ್ಚಿನ್ ವ್ಯೊಂತ್ಸೆಕ್ ಗಾಮು ಬರೆದರು. ಅದನ್ನು ವರ್ಷಾನುಗಟ್ಟಲೆ ನೋಡಿಕೊಂಡವರು ಚೆಕ್ ದೇಶದ ಮಿಖಾಲ್ ಚಿಹಾರ್. ತಂತ್ರಾಂಶಗಳನ್ನು ಹಲವು ಭಾಷೆಗೆ ತರಲು ಬಳಸುವ ವೆಬ್ಲೇಟ್ ಕಟ್ಟಿದವರೂ ಅವರೇ. ಅವರ್ಯಾರೂ ಅಡಿಕೆ ತೋಟ ನೋಡಿರಲಿಕ್ಕಿಲ್ಲ. ಹಳೆಯ ಫೋನುಗಳನ್ನು ಕೈಬಿಡದೆ ಅವರು ಬರೆದಿಟ್ಟ ಸಾಲುಗಳಿಂದ ಆ ದಿನ ಮಾವನ ಮನೆಯ ಉಪ್ಪರಿಗೆಯಲ್ಲಿ ಒಂದು ಮಗುವಿನ ಮಾತು ಕೇಳಿಸಿತು. ಅವರಿಗೆ ನಾನು ಋಣಿ.

ಮಳೆಯ ಲೆಕ್ಕವನ್ನು ವರ್ಷವಾರು ಜೋಡಿಸಿ ದೊಡ್ಡ ಅಕ್ಷರದಲ್ಲಿ ಮುದ್ರಿಸಿ ಕೊಡುವುದೆಂದಾಯಿತು. ಮಾವನಿಗೆ ಆಗ ಅದರ ಮೇಲೆ ಗಮನವಿರಲಿಲ್ಲ.

“ಇದ್ರಿಂದ ವಾಪಸ್ ಬರೀಬಹುದಾ? ಕನ್ನಡದಲ್ಲೇ?”

ಬರೆಯಬಹುದು. ಕಂಪ್ಯೂಟರಿನಲ್ಲಿ ಟೈಪ್ ಮಾಡಿದ್ದನ್ನು ಗಾಮು ಯುನಿಕೋಡ್ ಸಂಖ್ಯೆ ಮಾಡಿ ಕೇಬಲ್ಲಿನಲ್ಲಿ ಫೋನಿಗೆ ಕೊಡುತ್ತದೆ, ಫೋನು ತನಗೆ ಓದಲು ಬಾರದ ಅದನ್ನು ಹಾಗೆಯೇ ರವಾನಿಸುತ್ತದೆ. ಮಾವ ಹೇಳಿದ್ದನ್ನೆಲ್ಲ ಬರೆದರೆ ಮಿತಿ ಮೀರುತ್ತಿತ್ತು. ಹೊಸ ಕರುವಿನ ಸುದ್ದಿ ಕಳಚಿತು, ರಾಶಿ ಅಡಿಕೆಯ ಧಾರಣೆ ಬೇಡವೆಂದು ಅತ್ತೆ ಹೇಳಿದರು. ಕಡೆಗೆ ಉಳಿದದ್ದು ಇಷ್ಟು: “ಹಪ್ಪಳ ಇದೆ. ಹಲಸು ಈ ಸಲ ಚೆನ್ನಾಗಿ ಬಿಟ್ಟಿದೆ. ಯಾವಾಗ ಬರ್ತೀಯ? ಅಜ್ಜ”

ಫೋನನ್ನು ಕಿಟಕಿಯ ದಂಡೆಗೆ ಸರಿಸಿ, ಸಿಗ್ನಲ್ಲಿನ ಕಡ್ಡಿ ಮೂಡುವುದನ್ನು ಕಾದು, ಕಳಿಸಿದೆ. ಗಾಮು ಮುಗಿಸಿ ಮತ್ತೆ ಮಿನಿಕಾಮ್ ತೆರೆದಿಟ್ಟು, ಉಳಿದ ಡಬ್ಬಿ ಮೆಸೇಜುಗಳನ್ನು ಒಂದೊಂದಾಗಿ ತೆಗೆಯೋಣವೆಂದು ಕೂತಿದ್ದಾಗ ಪರದೆಯ ಮೇಲೆ ತಾನಾಗಿಯೇ ಒಂದು ಸಾಲು ಬಂತು: ರಿಂಗ್. ಕೆಳಗೆ ಮತ್ತೊಂದು: ರಿಂಗ್. ಮಾಡೆಮ್‌ಗಳು ಕರೆ ಬಂದಾಗ ಹೀಗೆ ಬರೆದು ತಿಳಿಸುತ್ತವೆ. ಅಷ್ಟರಲ್ಲಿ ಕಿಟಕಿಯ ಹತ್ತಿರ ಫೋನೂ ಕೂಗಿಕೊಳ್ಳತೊಡಗಿತ್ತು.

“ಅವಳೇ!” ಎಂದು ಮಾವ ಎದ್ದು ಹೊರಟರು. “ಮಾವ, ತಂತಿ, ತಂತಿ” ಎಂದು ನಾನು ಲ್ಯಾಪ್‌ಟಾಪು ಎತ್ತಿಕೊಂಡು ಅವರ ಹಿಂದೆ ಹೋದೆ.